ಮುತ್ತಿಗೆ ಹಾಕಿದವರನ್ನೇ ಮುತ್ತಿದಾಗ

ಬೆಲ್ಲಕ್ಕೆ ಇರುವೆ ಮುತ್ತುತ್ತವೆ, ಸಂತೆಯ ಹಣ್ಣಿಗೆ ನೊಣ ಮುತ್ತುತ್ತವೆ. ‘ಮುತ್ತಿಗೆ’ ಹುಟ್ಟಿದ್ದು ಈ ಕ್ರಿಯಾಪದದಿಂದಲೇ. ದಾಳಿ ಎಂದರೆ ಬಂದು ಬಡಿಯುವುದು, ಲಗ್ಗೆ ಎಂದರೆ ಗೋಡೆ ಏರಿ ನುಗ್ಗುವುದು. ಮುತ್ತಿಗೆಗೆ ಅಷ್ಟು ಅವಸರವಿಲ್ಲ. ಸುತ್ತ ಬೀಡುಬಿಟ್ಟು, ಕಾಳುಕಡಿ ತಡೆದು, ಒಳಗಿನವರು ಬಾಗಿಲು ತೆರೆಯುವ ತನಕ ಕಾಯುವುದು. ಈಗ ಯಾವುದೋ ಕಚೇರಿಯ ಮುಂದೆ ಅರ್ಧ ಗಂಟೆ ಘೋಷಣೆ ಕೂಗಿದರೂ ಪತ್ರಿಕೆಗಳು ‘ಮುತ್ತಿಗೆ’ ಎಂದೇ ಬರೆಯುತ್ತವೆ. ಕೊಡಂಬಲದವನಾದ ನನಗೆ ಅದು ಕೊಂಚ ದುಬಾರಿ ಪದ ಅನ್ನಿಸುತ್ತದೆ. ನಮ್ಮ ಸೀಮೆ 1657ರಲ್ಲಿ ಅದರ ಪೂರ್ತಿ ಅರ್ಥ ಕಂಡಿದೆ.

ಆ ವರ್ಷದ ಮಾರ್ಚ್‌ನಲ್ಲಿ ಔರಂಗಜೇಬ ಬೀದರ್ ಕೋಟೆಯನ್ನು ಮುತ್ತಿದ. ಮದ್ದಿನ ರಾಶಿ ಸಿಡಿದು ಕಿಲ್ಲೇದಾರ ಸಿದ್ದಿ ಮರ್ಜಾನ್ ಸುಟ್ಟು ಗಾಯಗೊಂಡ; 27 ದಿನಕ್ಕೆ ಕೋಟೆ ಬಿತ್ತು. ಮೇ ತಿಂಗಳ ಆರಂಭದಲ್ಲಿ ಸೈನ್ಯ ಕಲ್ಯಾಣಕ್ಕೆ ಬಂತು. ಇಲ್ಲಿ ಅಷ್ಟು ಸುಲಭವಾಗಲಿಲ್ಲ. ಮೊಗಲರು ಕಂದಕಕ್ಕೆ ಮುಳ್ಳುಕಂಟಿ ತುಂಬಿದರೆ, ದಿಲಾವರ್ ಹಬ್ಶಿಯ ಕಡೆಯವರು ಮೇಲಿನಿಂದ ಬೆಂಕಿ ಎಸೆದು ಅದನ್ನು ಬೂದಿ ಮಾಡಿದರು. ಮತ್ತೆ ಕಲ್ಲುಮಣ್ಣು ಹೊತ್ತು ತುಂಬಬೇಕಾಯಿತು. ಇನ್ನೊಂದು ಕಡೆ ವಿಜಯಪುರದ ಕುದುರೆ ಸವಾರರು ಹೊರಗಿನಿಂದ ಬಂದು ಮುತ್ತಿಗೆ ಹಾಕಿದವರನ್ನೇ ಮುತ್ತಿದರು. ಬೀದರಿನಿಂದ ಬರುವ ದವಸದ ಸಾಲನ್ನು ಕಾಯಲು ಹೋದ ಮಹಾಬತ್ ಖಾನನೇ ಅವರ ನಡುವೆ ಸಿಕ್ಕಿಕೊಂಡ. ಕೋಟೆಯ ಒಳಗಿದ್ದವರಿಗೂ ಹೊರಗಿದ್ದವರಿಗೂ ಚಿಂತೆ ಒಂದೇ, ಕಾಳಿನದು.

ಮೊಗಲರ ಫಾರಸಿ ಬರಹಗಳಲ್ಲಿ ಮುತ್ತಿಗೆಯ ತೋಡುಗುಂಡಿಗೆ ‘ಮೂರ್ಚಾಲ್’ ಎನ್ನುತ್ತಾರೆ. ಅದೇ ‘ಮೋರ್ಚಾ’ ಆಗಿ, ಗಡಿಯಾಚೆಯ ಮರಾಠಿಯಲ್ಲಿ ಮೆರವಣಿಗೆಯ ಹೆಸರಾಗಿದೆ. ಕೂತಲ್ಲಿಂದ ಕದಲದವರ ಪದ ಈಗ ಬೀದಿಯಲ್ಲಿ ನಡೆಯುತ್ತಿದೆ!

ಮೇಯಿಂದ ಜುಲೈ ಎಂದರೆ ನಮ್ಮ ಕಡೆ ಹೊಲ ಹದಮಾಡಿ ಮುಂಗಾರು ಬಿತ್ತುವ ಕಾಲ. ಸಾವಿರಾರು ಕುದುರೆ, ಎತ್ತು, ಆನೆ ಮೇಯುವ ಬಯಲಿನಲ್ಲಿ ಯಾರು ಕೂರಿಗೆ ಹೂಡಿಯಾರು? ಜುಲೈನಲ್ಲಿ ವಿಜಯಪುರದ ಸೈನ್ಯವನ್ನು ಅಟ್ಟಿಕೊಂಡು ಹೋದ ಮೊಗಲರು ಕಲಬುರಗಿಯವರೆಗಿನ ಹಳ್ಳಿಗಳನ್ನು ಹಾಳುಗೆಡವಿದರು. ಕೋಟೆಯೊಳಗಿನ ಹಸಿವಿಗೆ ಒಂದು ಕೊನೆಯಾದರೂ ಇತ್ತು, ಬಾಗಿಲು ತೆರೆದರೆ ಆಯಿತು. ಈ ಹಳ್ಳಿಗಳಿಗೆ ತೆರೆಯಲು ಬಾಗಿಲೇ ಇರಲಿಲ್ಲ.

ಆಗಸ್ಟ್ 1ರ ಹೊತ್ತಿಗೆ ಕಲ್ಯಾಣ ಶರಣಾಯಿತು. ದಿಲಾವರ್‌ನಿಗೆ ಮನೆಮಂದಿಯೊಂದಿಗೆ ಹೊರಟುಹೋಗಲು ಬಿಟ್ಟರು. ಸೆಪ್ಟೆಂಬರಿನಲ್ಲಿ ಶಾಹಜಹಾನ್ ಕಾಯಿಲೆ ಬಿದ್ದ ಸುದ್ದಿ ಬಂದು ಔರಂಗಜೇಬನ ಗಮನ ದೆಹಲಿಯ ಗದ್ದುಗೆಯತ್ತ ಹೊರಳಿತು. ಹೊಲಗಳು ಇಲ್ಲೇ ಉಳಿದವು, ಹಿಂಗಾರಿ ಜೋಳಕ್ಕೆ ಕಾಯುತ್ತ.