ಊಟದ ಹೊತ್ತಿನ ಮಾತು ಮತ್ತು ರಿಪೇರಿ ಕೈಪಿಡಿ: ದಕ್ಷತೆ–ಹೊಸತನಗಳ ನಡುವೆ ಸಾಮಾಜಿಕ ತಂತ್ರಜ್ಞಾನ

ತಿಳಿದದ್ದನ್ನೇ ಹದಗೊಳಿಸಿ ದುಡಿಸಿಕೊಂಡರೆ ಫಲ ಬೇಗ ಸಿಗುತ್ತದೆ. ಹೊಸತನ್ನು ಅರಸಿದರೆ ಫಲ ತಡವಾಗಿ ಬರಬಹುದು, ಬಾರದೆಯೂ ಇರಬಹುದು. ಆದ್ದರಿಂದ ಸಂಸ್ಥೆಗಳು ಮೊದಲನೆಯದರತ್ತ ವಾಲಿ ಕಾಲಕ್ರಮೇಣ ಸೊರಗುತ್ತವೆ ಎಂದು ಸಂಸ್ಥೆಗಳನ್ನು ಅಧ್ಯಯನ ಮಾಡಿದ ವಿದ್ವಾಂಸ ಜೇಮ್ಸ್ ಮಾರ್ಚ್ 1991ರಲ್ಲಿ ವಾದಿಸಿದರು. ಸಾಮಾಜಿಕ ತಂತ್ರಜ್ಞಾನ, ಅಂದರೆ ಜನರ ಮಾತುಕತೆ ಮತ್ತು ಸಹಕಾರಕ್ಕೆ ನೆಲೆಯಾಗುವ ತಂತ್ರಾಂಶ, ಇವೆರಡನ್ನೂ ಸರಿದೂಗಿಸುತ್ತದೆ ಎಂಬ ಮಾತು ಈಗ ಸಲೀಸಾಗಿ ಕೇಳಿಬರುತ್ತದೆ. ಹೇಗೆ ಎಂಬುದಕ್ಕೆ ನಕಲು ಯಂತ್ರಗಳನ್ನು ತಯಾರಿಸುವ ಜೆರಾಕ್ಸ್ ಕಂಪನಿಯ ಅನುಭವ ಒಳ್ಳೆಯ ಆಧಾರ.

ಮಾನವಶಾಸ್ತ್ರಜ್ಞ ಜೂಲಿಯನ್ ಓರ್ ಆ ಕಂಪನಿಯ ರಿಪೇರಿ ತಂತ್ರಜ್ಞರ ಜೊತೆ ಓಡಾಡಿ ಕಂಡದ್ದನ್ನು 1996ರಲ್ಲಿ ಪುಸ್ತಕವಾಗಿ ತಂದರು. ಕೈಪಿಡಿಯಲ್ಲಿ ದೋಷಕ್ಕೊಂದು ಪರಿಹಾರವಿತ್ತು. ಯಂತ್ರಗಳೋ ಕೈಪಿಡಿಯ ಪ್ರಕಾರ ಕೆಡುತ್ತಿರಲಿಲ್ಲ. ಊಟಕ್ಕೆ ಕೂತಾಗ ಒಬ್ಬರಿಗೊಬ್ಬರು ಹೇಳಿಕೊಂಡ ಕತೆಗಳಿಂದಲೇ ತಂತ್ರಜ್ಞರು ಅನೇಕ ದೋಷಗಳ ಜಾಡು ಹಿಡಿಯುತ್ತಿದ್ದರು. ಲೆಕ್ಕಪತ್ರದ ಕಣ್ಣಿಗೆ ಅದು ಹರಟೆ, ಪೋಲಾದ ವೇಳೆ.

1990ರ ದಶಕದಲ್ಲಿ ಫ್ರಾನ್ಸ್‌ನಲ್ಲಿ ಮೊದಲು ಬಳಕೆಗೆ ಬಂದ, ಇದೇ ಕಂಪನಿಯ ‘ಯುರೇಕಾ’ ಎಂಬ ವ್ಯವಸ್ಥೆ ಈ ಮಾತುಕತೆಗೆ ಕಂಪ್ಯೂಟರಿನಲ್ಲಿ ನೆಲೆ ಒದಗಿಸಿತು. ತಂತ್ರಜ್ಞರೊಬ್ಬರು ತಾವು ಕಂಡುಕೊಂಡ ಉಪಾಯವನ್ನು ಬರೆಯುತ್ತಿದ್ದರು. ಅನುಭವಿ ಸಹೋದ್ಯೋಗಿಗಳು ಅದನ್ನು ಪರಿಶೀಲಿಸಿದ ಮೇಲೆಯೇ, ಬರೆದವರ ಹೆಸರಿನೊಂದಿಗೆ, ಎಲ್ಲರಿಗೂ ಸಿಗುತ್ತಿತ್ತು. ಹಣದ ಬಹುಮಾನಕ್ಕಿಂತ ಹೆಸರೇ ಅವರಿಗೆ ಮುಖ್ಯವಾಗಿತ್ತು. ನನ್ನ ದೃಷ್ಟಿಯಲ್ಲಿ ಇಡೀ ವ್ಯವಸ್ಥೆಯ ಜೀವಾಳ ಈ ಪರಿಶೀಲನೆಯ ಹಂತ. ಒಬ್ಬರ ಪ್ರಯೋಗ ಎಲ್ಲರ ರೂಢಿಯಾಗುವುದು ಅಲ್ಲೇ, ಅದೂ ಆ ಕೆಲಸ ಬಲ್ಲವರ ಕೈಯಲ್ಲಿ.

2006ರಲ್ಲಿ ಐಬಿಎಂ ನಡೆಸಿದ ‘ಇನ್ನೋವೇಷನ್ ಜಾಮ್’ ಈ ದೃಷ್ಟಿಯಿಂದ ಬೇರೆ ಬಗೆಯದು. 104 ದೇಶಗಳ ಸುಮಾರು 1.5 ಲಕ್ಷ ಮಂದಿ ಆನ್‌ಲೈನ್‌ನಲ್ಲಿ ಪಾಲ್ಗೊಂಡರು. ವಿಚಾರಗಳು ರಾಶಿಬಿದ್ದವು, ಒಂದರ ಮೇಲೊಂದು ಬೆಳೆದದ್ದು ಮಾತ್ರ ಕಡಿಮೆ. ಕೊನೆಗೆ ಹಿರಿಯ ಅಧಿಕಾರಿಗಳು ಕೂತು ಓದಿ ಆರಿಸಬೇಕಾಯಿತು. ಆಯ್ದ 10 ಹೊಸ ಉದ್ಯಮಗಳಿಗೆ ಕಂಪನಿ 10 ಕೋಟಿ ಡಾಲರ್ ತೆಗೆದಿರಿಸಿತು. ಜನರನ್ನು ಕೂಡಿಸುವ ಕೆಲಸವನ್ನು ತಂತ್ರಾಂಶ ಮಾಡಿತು, ಜರಡಿ ಹಿಡಿಯುವ ಕೆಲಸ ಮನುಷ್ಯರಿಗೇ ಉಳಿಯಿತು.

ಹಾಗೆಂದು ಯುರೇಕಾವನ್ನು ಎಲ್ಲ ಬಗೆಯ ಹೊಸತನಕ್ಕೂ ಮಾದರಿಯಾಗಿಸಲಾಗದು. ಅದು ಇರುವ ಯಂತ್ರವನ್ನು ಚೆನ್ನಾಗಿ ನಡೆಸಲು ನೆರವಾಯಿತು, ಹೊಸ ಯಂತ್ರ ಹುಟ್ಟಿಸಲಿಲ್ಲ. ಇದೇ ಜೆರಾಕ್ಸ್‌ನ ಪಾರ್ಕ್ ಪ್ರಯೋಗಾಲಯ 1973ರಲ್ಲೇ ‘ಆಲ್ಟೋ’ ಎಂಬ ಕಂಪ್ಯೂಟರ್ ರೂಪಿಸಿತ್ತು. ಅದನ್ನು ಉದ್ಯಮವಾಗಿ ಬೆಳೆಸಲು ಕಂಪನಿಗೆ ಆಗಲಿಲ್ಲ. ಅಂಥ ಜಿಗಿತಕ್ಕೆ ಸಹೋದ್ಯೋಗಿಗಳ ಮೆಚ್ಚುಗೆ ಸಾಲದು, ಐಬಿಎಂ ಮಾಡಿದಂತೆ ದುಡ್ಡನ್ನೇ ಬೇರೆ ಎತ್ತಿಡಬೇಕಾಗುತ್ತದೆ.