ಭೂದೃಶ್ಯದ ಛಾಯಾಚಿತ್ರಗಳಲ್ಲಿ ಭಾವನಿರ್ಣಯ

ಅಲಂಕಾರಶಾಸ್ತ್ರದಲ್ಲಿ ವಿಭಾವವು ಆಲಂಬನವೆಂದೂ ಉದ್ದೀಪನವೆಂದೂ ಇಬ್ಬಗೆಯಾದುದು. ನಾಯಕನಾಯಿಕೆಯರು ಆಲಂಬನ, ಬೆಟ್ಟ, ಹೊಳೆ, ಮೇಘ, ಚಂದ್ರೋದಯ ಮುಂತಾದುವು ಉದ್ದೀಪನ. ಹೀಗಿರಲು, ಮನುಷ್ಯರೊಬ್ಬರೂ ಇಲ್ಲದ ಭೂದೃಶ್ಯದ ಛಾಯಾಚಿತ್ರವು ನೋಡುವವನಲ್ಲಿ ಭಯವನ್ನೋ ವಿಸ್ಮಯವನ್ನೋ ಹುಟ್ಟಿಸಿದರೆ ಆ ಭಾವಕ್ಕೆ ಕಾರಣವಾವುದು? ಚಿತ್ರಿತವಾದ ಸ್ಥಳವೇ, ಚಿತ್ರಕಾರನ ಕೌಶಲವೇ, ಪ್ರೇಕ್ಷಕನ ಸಂಸ್ಕಾರವೇ? ಪಾಶ್ಚಾತ್ಯ ಛಾಯಾಚಿತ್ರಕಲೆಯ ಚರಿತ್ರೆಯಲ್ಲಿನ ಎರಡು ಪ್ರಸಂಗಗಳು ಈ ವಿಚಾರಕ್ಕೆ ಬಹಳ ಉಪಯುಕ್ತವಾಗಿವೆ.

ಮೊದಲನೆಯದು ಕ್ರೈಮಿಯಾ ಯುದ್ಧಕಾಲದ್ದು. ಆಂಗ್ಲ ಛಾಯಾಚಿತ್ರಕಾರನಾದ ರೋಜರ್ ಫೆಂಟನ್ನನು 1855ರ ಏಪ್ರಿಲಿನಲ್ಲಿ ಸೆವಾಸ್ಟೊಪೋಲ್ ನಗರದ ಸಮೀಪದ ಬೋಳು ಕಣಿವೆಯೊಂದನ್ನು ಚಿತ್ರಿಸಿದನು. ಅದರಲ್ಲಿ ಸೈನಿಕನಿಲ್ಲ, ಹೆಣವಿಲ್ಲ. ಹಾದಿಯಲ್ಲಿಯೂ ಅದರ ಪಕ್ಕದ ತಗ್ಗಿನಲ್ಲಿಯೂ ಫಿರಂಗಿಯ ಗುಂಡುಗಳು ಚೆದರಿ ಬಿದ್ದಿವೆ. ಮೇಲೆ ಬರಿದಾದ ಬಿಳಿಯ ಆಕಾಶ. ರಷ್ಯನರ ಗುಂಡಿನ ಮಳೆಗೆ ಗುರಿಯಾಗಿದ್ದ ಆ ಸ್ಥಳಕ್ಕೆ ಸೈನಿಕರೇ ಬೈಬಲಿನ 23ನೆಯ ಕೀರ್ತನೆಯನ್ನು ನೆನೆದು ‘ಮೃತ್ಯುಚ್ಛಾಯೆಯ ಕಣಿವೆ’ ಎಂಬರ್ಥದ ಹೆಸರಿಟ್ಟಿದ್ದರು. ಚಿತ್ರಕ್ಕೂ ಅದೇ ಹೆಸರಾಯಿತು. ಅದೇ ವರ್ಷ ಫೆಂಟನ್ನನ ಯುದ್ಧಚಿತ್ರಗಳು ಲಂಡನ್ನಿನಲ್ಲಿ ಪ್ರದರ್ಶಿತವಾದುವು. 1854ರ ಅಕ್ಟೋಬರ್ 25ರಂದು ಬಾಲಕ್ಲಾವದಲ್ಲಿ ಆಂಗ್ಲ ಅಶ್ವದಳಕ್ಕೊದಗಿದ ವಿಪತ್ತೂ, ಅದನ್ನು ಕುರಿತು ಆ ಡಿಸೆಂಬರಿನಲ್ಲಿ ಪ್ರಕಟವಾದ ಟೆನಿಸನ್ ಕವಿಯ ಕವಿತೆಯೂ ಆಗಿನ್ನೂ ಜನರಿಗೆ ಹೊಸವು. ಆ ದಾಳಿಯು ನಡೆದ ಕಣಿವೆಯೇ ಬೇರೆ; ಆದರೂ ಎರಡನ್ನೂ ಒಂದೆಂದು ತಿಳಿಯುವ ಭ್ರಾಂತಿಯು ಇಂದಿಗೂ ಅಲ್ಲಲ್ಲಿ ಕಾಣುವುದು. ಹೆಸರು ಸ್ಮೃತಿಯನ್ನೆಬ್ಬಿಸುವುದು, ಸ್ಮೃತಿಯು ಕಲ್ಲುಮಣ್ಣಿಗೆ ಭಾವವನ್ನು ತುಂಬುವುದು. ಶೂನ್ಯತೆಯ ಸಂಕೇತವೆಂಬಂತೆ ತೋರುವ ಬಿಳಿಯ ಆಕಾಶಕ್ಕೂ ಬೇರೆ ಕಾರಣವುಂಟು: ಆ ಕಾಲದ ಕೊಲೋಡಿಯನ್ ಲೇಪನದ ಗಾಜಿನ ಫಲಕವು ನೀಲವರ್ಣಕ್ಕೆ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ ಆಕಾಶವು ಸಾಮಾನ್ಯವಾಗಿ ಬೆಳ್ಳಗೇ ಬರುತ್ತಿದ್ದಿತು.

ಇದೇ ಸ್ಥಳದ ಮತ್ತೊಂದು ಚಿತ್ರವೂ ಉಂಟು. ಅದರಲ್ಲಿ ಗುಂಡುಗಳು ತಗ್ಗಿನಲ್ಲಿ ಮಾತ್ರವಿದ್ದು ಹಾದಿಯು ಬರಿದಾಗಿದೆ. ಗುಂಡುಗಳನ್ನು ಹಾದಿಯ ಮೇಲೆ ಬೇಕೆಂದೇ ಹರಡಿಸಲಾಯಿತೆಂದು ಸೂಸನ್ ಸೊಂಟಾಗ್ ಎಂಬ ವಿಮರ್ಶಕಿಯು 2003ರಲ್ಲಿ ಬರೆದಳು. 2007ರಲ್ಲಿ ಎರೋಲ್ ಮೋರಿಸ್ ಎಂಬವನು ಎರಡು ಚಿತ್ರಗಳಲ್ಲಿನ ಸಣ್ಣ ಕಲ್ಲುಗಳನ್ನು ಹೋಲಿಸಿ, ಅವು ಇಳಿಜಾರಿನಲ್ಲಿ ಕೆಳಕ್ಕೆ ಜರುಗಿರುವುದನ್ನು ತೋರಿಸಿ, ಬರಿದಾದ ಹಾದಿಯ ಚಿತ್ರವೇ ಮೊದಲಿನದೆಂದು ಸಾಧಿಸಿದನು. ಗುಂಡುಗಳನ್ನು ಸರಿಸಿದವರು ಯಾರು, ಸರಿಸಿದುದೇಕೆ ಎಂಬುದು ಈ ಯುಕ್ತಿಯಿಂದ ಸಿದ್ಧವಾಗುವುದಿಲ್ಲ.

ಎರಡನೆಯ ಪ್ರಸಂಗವು ಅಮೆರಿಕೆಯದು. 1927ರ ಏಪ್ರಿಲ್ 10ರಂದು ಆನ್ಸೆಲ್ ಆಡಮ್ಸನು ಯೊಸೆಮಿಟಿ ಕಣಿವೆಯ ಹಾಫ್ ಡೋಮ್ ಎಂಬ ಬಂಡೆಯನ್ನು ಮೊದಲು ಹಳದಿಯ ಶೋಧಕದಿಂದ ಚಿತ್ರಿಸಿದನು. ಬಂಡೆಯನ್ನು ನೋಡಿ ತನಗುಂಟಾದ ಅನುಭವವು ಅದರಲ್ಲಿ ಮೂಡಲಾರದೆಂದೆಣಿಸಿ, ಉಳಿದಿದ್ದ ಒಂದೇ ಫಲಕದಲ್ಲಿ ಗಾಢವಾದ ಕೆಂಪು ಶೋಧಕವನ್ನಿಟ್ಟು ಮತ್ತೆ ಚಿತ್ರಿಸಿದನು. ಕೆಂಪು ಶೋಧಕವು ನೀಲವರ್ಣವನ್ನು ತಡೆಯುವುದರಿಂದ ಹಗಲಿನ ಆಕಾಶವು ಬಹುಮಟ್ಟಿಗೆ ಕಪ್ಪಾಗಿ, ಬಂಡೆಯು ಗಂಭೀರವಾಗಿ ಎದ್ದು ನಿಂತಿತು.

ಫೆಂಟನ್ನನ ಬಿಳಿಯ ಆಕಾಶವು ಸಾಧನದ ನ್ಯೂನತೆಯಿಂದ ಬಂದುದು. ಆಡಮ್ಸನ ಕಪ್ಪು ಆಕಾಶವು ಸಂಕಲ್ಪದಿಂದ ಬಂದುದು. ಚಿತ್ರವನ್ನು ಮಾತ್ರ ನೋಡುವವನಿಗೆ ಈ ಭೇದವು ತಿಳಿಯದು. ಆದುದರಿಂದ ಪ್ರೇಕ್ಷಕನಿಗುಂಟಾದ ಭಾವವು ಚಿತ್ರಕಾರನ ಆಶಯಕ್ಕೆ ಪ್ರಮಾಣವಾಗಲಾರದು. ಇನ್ನೊಂದು ವಿಶೇಷವೂ ಉಂಟು. ಸರಿದ ಗುಂಡುಗಳು ವಿವಾದಕ್ಕೆ ಕಾರಣವಾದಂತೆ ಕಪ್ಪಾದ ಆಕಾಶವು ಆಗಲಿಲ್ಲ. ಒಂದನ್ನು ಯುದ್ಧದ ಸಾಕ್ಷ್ಯವೆಂದೂ ಮತ್ತೊಂದನ್ನು ಕಾವ್ಯದಂತೆಯೂ ನೋಡುವುದೇ ಇದಕ್ಕೆ ಕಾರಣ. ರಸವಿಘ್ನಗಳಲ್ಲಿ ಸಂಭಾವನಾವಿರಹವನ್ನು, ಎಂದರೆ ‘ಇದು ಸಂಭವಿಸಲಾರದು’ ಎಂಬ ಬುದ್ಧಿಯನ್ನು, ಅಭಿನವಗುಪ್ತನು ಮೊದಲು ಹೇಳಿರುವನು. ನಾಟಕದಲ್ಲಿ ಸಂಭಾವ್ಯತೆಯಿದ್ದರೆ ಸಾಕು. ಸಾಕ್ಷ್ಯವೆಂದು ಬಗೆದ ಛಾಯಾಚಿತ್ರದಲ್ಲಿ ‘ಹೀಗೆಯೇ ಇದ್ದಿತು’ ಎಂಬ ನಂಬಿಕೆಯೂ ಬೇಕಾಗುವುದು. ಆ ನಂಬಿಕೆಯು ಕದಲಿದೊಡನೆ ರಸಕ್ಕೆ ಭಂಗವುಂಟಾಗುವುದು.

ಹೀಗಾಗಿ ಭೂದೃಶ್ಯದ ಛಾಯಾಚಿತ್ರದಲ್ಲಿ ಸ್ಥಳವೂ ಛಾಯೆಯೂ ಉದ್ದೀಪನಮಾತ್ರ. ಆಲಂಬನವನ್ನು ಪ್ರೇಕ್ಷಕನೇ ತನ್ನ ಸ್ಮೃತಿಯಿಂದ ಒದಗಿಸಿಕೊಳ್ಳುವನು. ಫೆಂಟನ್ನನ ಬರಿದಾದ ಕಣಿವೆಯಲ್ಲಿ ಅವನು ಕಾಣುವುದು ಚಿತ್ರದಲ್ಲಿಲ್ಲದ ಮೃತರನ್ನು. ಆ ಶೋಕವು ಹುಸಿಯಲ್ಲ. ಆ ಯುದ್ಧದಲ್ಲಿ ಜನರು ಮಡಿದುದು ನಿಜವೇ. ಆದರೆ ಅವರು ಎಲ್ಲಿ, ಹೇಗೆ ಮಡಿದರೆಂಬುದಕ್ಕೆ ಶೋಕವನ್ನೇ ಆಧಾರವಾಗಿ ಹಿಡಿದರೆ ಒಂದು ಕಣಿವೆಯ ಮೃತರು ಮತ್ತೊಂದು ಕಣಿವೆಯ ಲೆಕ್ಕಕ್ಕೆ ಸೇರುವರು. ರಸಕ್ಕೆ ಸಹೃದಯನೂ ಸಾಕ್ಷ್ಯಕ್ಕೆ ಪರೀಕ್ಷಕನೂ ಬೇಕು. ಛಾಯಾಚಿತ್ರವನ್ನು ನೋಡುವವನು ಈ ಎರಡೂ ಆಗಿರಬೇಕಾಗುವುದು.