ಅಕ್ಕನ ಮಗನ ಚಿಪ್ ಕೋರ್ಸು, ಬಾಬಾಸಾಹೇಬರ 1942ರ ಮನವಿ



ಹೋದ ಭಾನುವಾರ ಅಕ್ಕನ ಮಗ ಮನೆಗೆ ಬಂದಿದ್ದ. ಎಲೆಕ್ಟ್ರಾನಿಕ್ಸ್ ಬಿಇ ಮುಗಿಸಿ ಒಂದು ವರ್ಷ ಆಯ್ತು, ಕೆಲಸ ಇಲ್ಲ. "ಮಾವ, ಬೆಂಗಳೂರಲ್ಲಿ ಚಿಪ್ ಡಿಸೈನ್ ಕೋರ್ಸ್ ಸೇರ್ತೀನಿ. ಆರು ತಿಂಗಳು, ಒಂದೂವರೆ ಲಕ್ಷ. ಸಾಲಕ್ಕೆ ನೀವು ಜಾಮೀನು ಸೈನ್ ಹಾಕ್ಬೇಕು" ಅಂದ. ನಾನು ಬಿಎ ಓದಿದ ಗುಮಾಸ್ತ, ಚಿಪ್ಪು ಗಿಪ್ಪು ಗೊತ್ತಿಲ್ಲ. ಆದ್ರೆ ನಮ್ಮವರು ಇಂಜಿನಿಯರ್ ಆದ ಚರಿತ್ರೆ ಸ್ವಲ್ಪ ಗೊತ್ತು. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೀತಿದ್ದೀನಿ.

1942ರಲ್ಲಿ ಬಾಬಾಸಾಹೇಬರು ವೈಸರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರಾದರು. ಅದೇ ವರ್ಷ ಪರಿಶಿಷ್ಟ ಜಾತಿಗಳ ಕುಂದುಕೊರತೆ ಬಗ್ಗೆ ಸರ್ಕಾರಕ್ಕೆ ಮನವಿ ಕೊಟ್ಟರು. ಕಲೆ, ಕಾನೂನು ಓದಿದರೆ ನಮ್ಮ ಜನಕ್ಕೆ ಹೆಚ್ಚು ಪ್ರಯೋಜನ ಇಲ್ಲ, ಉನ್ನತ ವಿಜ್ಞಾನ, ತಂತ್ರಜ್ಞಾನ ಬೇಕು, ಆ ಖರ್ಚು ನಮ್ಮವರ ಕೈಗೆ ಎಟುಕಲ್ಲ, ಸರ್ಕಾರವೇ ಕೊಡಬೇಕು ಅನ್ನೋದು ಅವರ ವಾದ. ವರ್ಷಕ್ಕೆ 3 ಲಕ್ಷ ರೂಪಾಯಿ ಮಂಜೂರಾಯ್ತು. ನಮ್ಮ ಮಕ್ಕಳು ಕಾಯುವ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ಪಿನ ಬೇರು ಅಲ್ಲಿದೆ. ಅಕ್ಕನ ಮಗ ಬಿಇ ಓದಿದ್ದೂ ಅದರಲ್ಲೇ.

ಓದಾಯ್ತು, ಕೆಲಸ? ಬೆಂಗಳೂರಲ್ಲಿ 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. 1970ರಲ್ಲಿ ಕೇಂದ್ರದ ಮೀಸಲಾತಿ ಪರಿಶಿಷ್ಟ ಜಾತಿಗೆ ಶೇ. 15, ಪಂಗಡಕ್ಕೆ ಶೇ. 7.5 ಆಯ್ತು. ಸಾರ್ವಜನಿಕ ಉದ್ದಿಮೆಗಳೂ ಪಾಲಿಸಬೇಕಾಯ್ತು. ಮೊದಮೊದಲು ನಮ್ಮವರು ಒಳಗೆ ಹೋದದ್ದು ಹೆಚ್ಚಾಗಿ ಕೆಳದರ್ಜೆಗೇ. ಆದ್ರೂ ಕಾಯಂ ಸಂಬಳ, ಕ್ವಾರ್ಟರ್ಸು, ಮಕ್ಕಳಿಗೆ ಶಾಲೆ ಸಿಕ್ತು. ಆ ಮನೆಗಳಿಂದಲೇ ಎಷ್ಟೋ ಇಂಜಿನಿಯರ್‌ಗಳು ಬಂದರು.

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇದೇ ಊರಲ್ಲಿ ಚಿಪ್ ಡಿಸೈನ್ ಕೇಂದ್ರ ತೆರೀತು. ಅದರ ಹಿಂದೆ ಹತ್ತಾರು ಕಂಪನಿ ಬಂದವು. ಅತ್ತ ಎಚ್‌ಎಂಟಿ, ಐಟಿಐ ಸೊರಗಿದವು. ಊರು ಅದೇ, ಓದೂ ಅದೇ, ಗೇಟು ಮಾತ್ರ ಬೇರೆ. ಈ ಗೇಟಿಗೆ ಸಂವಿಧಾನದ 16(4) ಅನ್ವಯಿಸಲ್ಲ.

ಸಾಫ್ಟ್‌ವೇರ್ ಸರ್ವೀಸ್ ಕಂಪನಿಗಳಲ್ಲಿ ಹೊಸಬರ ಸಂಬಳ ಹತ್ತು ವರ್ಷಕ್ಕೂ ಮೇಲಿಂದ ವರ್ಷಕ್ಕೆ ಮೂರು ಮೂರೂವರೆ ಲಕ್ಷದ ಆಸುಪಾಸಲ್ಲೇ ನಿಂತಿದೆ. ಚಿಪ್ ಡಿಸೈನಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ, ಅನುಭವ ಆದಂತೆ ಇನ್ನೂ ಏರುತ್ತೆ. ಆದ್ರೆ ಆ ಕೆಲಸಗಳು ಹೆಚ್ಚಾಗಿ ಹೋಗೋದು ಆಯ್ದ ಕಾಲೇಜುಗಳ ಕ್ಯಾಂಪಸ್‌ಗೆ, ಇಲ್ಲಾ ಒಳಗಿರೋರ ರೆಫರಲ್‌ಗೆ. ಒಳಗಿರೋರು ಯಾರು? ಅವರು ಯಾರ ಹೆಸರು ಹೇಳ್ತಾರೆ? 2007ರಲ್ಲಿ ಥೋರಟ್ ಮತ್ತು ಅಟ್ಟೆವೆಲ್ ಒಂದೇ ಅರ್ಹತೆಯ ಅರ್ಜಿಗಳನ್ನ ಬೇರೆ ಬೇರೆ ಜಾತಿ ಹೆಸರಲ್ಲಿ ಖಾಸಗಿ ಕಂಪನಿಗಳಿಗೆ ಕಳಿಸಿ ನೋಡಿದರು. ದಲಿತ ಹೆಸರಿನ ಅರ್ಜಿಗೆ ಕರೆ ಬರೋ ಸಾಧ್ಯತೆ ಸ್ಪಷ್ಟವಾಗಿ ಕಡಿಮೆ ಇತ್ತು. ಮೆರಿಟ್ ಅಂತ ಭಾಷಣ ಬಿಗಿಯೋರು ಇದಕ್ಕೆ ಉತ್ತರ ಕೊಡಲಿ.

ನಾನು ಸೈನ್ ಹಾಕಿದೆ. ಎರಡು ಷರತ್ತು ಇಟ್ಟೆ. ಒಂದು, ದುಡ್ಡು ಕಟ್ಟೋ ಮುಂಚೆ ಹೋದ ಬ್ಯಾಚಿನ ಮಕ್ಕಳನ್ನ ನೇರವಾಗಿ ಮಾತಾಡಿಸು, ಜಾಹೀರಾತು ನಂಬಬೇಡ. ಎರಡು, ಗೇಟ್ ಪರೀಕ್ಷೆ ಬರಿ, ಬಿಇಎಲ್, ಇಸ್ರೋ ಅರ್ಜಿ ಬಿಡಬೇಡ.

ಮೂರನೇದು ನಿಮಗೆ. ಚಿಪ್ ಕಂಪನಿಗಳ ಒಳಗಿರೋ ನಮ್ಮ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಜಾತಿ ಗೊತ್ತಾಗುತ್ತೆ ಅಂತ ಸುಮ್ಮನೆ ಕೂತಿರೋ ನೋವು ನನಗೆ ಅರ್ಥ ಆಗುತ್ತೆ. ಆದ್ರೆ ವರ್ಷಕ್ಕೊಂದು ಹುಡುಗ, ಒಂದು ಹುಡುಗಿ ಹೆಸರು ರೆಫರ್ ಮಾಡಿ. ಬಾಬಾಸಾಹೇಬರು ತೆರೆಸಿದ ಬಾಗಿಲಲ್ಲಿ ಬಂದವರು ನಾವು, ಬಂದಮೇಲೆ ಹಿಂದಿನಿಂದ ಮುಚ್ಚೋದು ಬೇಡ.

ಜೈ ಭೀಮ್.